ಸೋಲಾರ್ ಜೊತೆ ಬ್ಯಾಟರಿ ಹಾಕಿಸಿದರೆ ದುಡ್ಡು ಉಳಿಯುತ್ತಾ?

ಪ್ರಶ್ನೆ: ನಮ್ಮ ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ, ಕರೆಂಟೆಲ್ಲ ಗ್ರಿಡ್‌ಗೆ ಹೋಗುತ್ತದೆ. ಸಂಜೆ ಮತ್ತೆ ದುಡ್ಡು ಕೊಟ್ಟು ಕೊಳ್ಳುತ್ತೇವೆ. 5 ಯೂನಿಟ್ ಹಿಡಿಯುವ ಬ್ಯಾಟರಿ ಹಾಕಿಸಿದರೆ ಹಣ ವಾಪಸ್ ಬರುತ್ತದೆಯೇ?

ಉತ್ತರ: ಮೊದಲು ಬಿಲ್ ತೆಗೆದು ಎರಡು ದರ ನೋಡಿ. ನೀವು ಕೊಳ್ಳುವ ಯೂನಿಟ್‌ಗೆ ಎಷ್ಟು, ಮಾರುವ ಯೂನಿಟ್‌ಗೆ ಎಷ್ಟು? ಬ್ಯಾಟರಿ ಉಳಿಸಿಕೊಡುವುದು ಇವೆರಡರ ನಡುವಿನ ಅಂತರವನ್ನು ಮಾತ್ರ. ತುಂಬಾ ಜನ ಎಡವುವುದೇ ಇಲ್ಲಿ, ಕೊಳ್ಳುವ ದರ ಪೂರ್ತಿ ಉಳಿಯಿತು ಅಂತ ಲೆಕ್ಕ ಹಾಕಿಬಿಡುತ್ತಾರೆ, ಆದರೆ ಬ್ಯಾಟರಿಗೆ ತುಂಬಿದ ಯೂನಿಟ್ಟನ್ನು ಮಾರಿದ್ದರೆ ಅದಕ್ಕೂ ದುಡ್ಡು ಬರುತ್ತಿತ್ತು ಅಲ್ವಾ? ನಿಮ್ಮದು ನೆಟ್ ಮೀಟರಿಂಗ್ ಆಗಿದ್ದು, ಕೊಟ್ಟ ಯೂನಿಟ್ ಕೊಂಡದ್ದರಲ್ಲಿ ಸಮಕ್ಕೆ ಸಮ ಕಳೆಯುತ್ತಿದ್ದರೆ ಬ್ಯಾಟರಿಯಿಂದ ಲಾಭವೇ ಇಲ್ಲ. ತುಂಬಿದ 10 ಯೂನಿಟ್‌ನಲ್ಲಿ ಸುಮಾರು 9 ಮಾತ್ರ ಹೊರಗೆ ಬರುವುದರಿಂದ ಸ್ವಲ್ಪ ನಷ್ಟವೇ.

ಅಂತರ ಜಾಸ್ತಿ ಇದ್ದರೆ ಮುಂದಿನ ಲೆಕ್ಕ. ಲಿಥಿಯಂ ಬ್ಯಾಟರಿಗೆ ಸಾಮಾನ್ಯವಾಗಿ 10 ವರ್ಷ ವಾರಂಟಿ, ಕೊನೆಗೆ ಶೇ 70ರಷ್ಟು ಸಾಮರ್ಥ್ಯ ಉಳಿದಿರುತ್ತದೆ ಅನ್ನುತ್ತಾರೆ. ಪೂರ್ತಿ ಬರಿದು ಮಾಡುವಂತಿಲ್ಲ, ವರ್ಷ ಕಳೆದಂತೆ ಹಿಡಿಯುವುದೂ ಕಡಿಮೆ. ಹಾಗಾಗಿ 5 ಯೂನಿಟ್‌ನದು ಸರಾಸರಿ ದಿನಕ್ಕೆ 3.8 ಯೂನಿಟ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಮೋಡದ ದಿನ ಬಿಟ್ಟು ವರ್ಷಕ್ಕೆ 300 ದಿನ ಅಂದರೆ 10 ವರ್ಷಕ್ಕೆ ಸುಮಾರು 11,000 ಯೂನಿಟ್. ಬ್ಯಾಟರಿ, ಅದಕ್ಕೆ ಬೇಕಾದ ಹೈಬ್ರಿಡ್ ಇನ್ವರ್ಟರ್ (ಸೋಲಾರ್, ಬ್ಯಾಟರಿ ಎರಡನ್ನೂ ನಡೆಸುವಂಥದ್ದು), ಕೂಲಿ ಎಲ್ಲ ಸೇರಿಸಿ ಬಂದ ಮೊತ್ತವನ್ನು ಈ 11,000ದಿಂದ ಭಾಗಿಸಿ. ಉತ್ತರ ಆ ಅಂತರಕ್ಕಿಂತ ಚೆನ್ನಾಗಿ ಕಡಿಮೆ ಇದ್ದರೆ ಹಾಕಿಸಿ. ಹತ್ತಿರಹತ್ತಿರ ಇದ್ದರೆ ನಾನಂತೂ ಬೇಡ ಅನ್ನುತ್ತೇನೆ.

ಸಂಜೆ ನಿಮಗೆ ಮೂರೇ ಯೂನಿಟ್ ಸಾಕಾಗುವುದಾದರೆ 5ರದ್ದು ಸುಮ್ನೆ ದಂಡ. ಅದಕ್ಕೂ ಮೊದಲು ಬಟ್ಟೆ ಒಗೆಯುವ ಮೆಷಿನ್, ಪಂಪು, ಗೀಸರ್‌ಗಳನ್ನು ಟೈಮರ್ ಇಟ್ಟು ಮಧ್ಯಾಹ್ನ ಓಡಿಸಿ ನೋಡಿ. ಇದಕ್ಕೆ ಹೆಚ್ಚೇನೂ ಖರ್ಚಿಲ್ಲ.

ಪದೇ ಪದೇ ಕರೆಂಟ್ ಹೋಗುವ ಕಡೆ ಮಾತು ಬೇರೆ. ಬರೀ ಗ್ರಿಡ್‌ಗೆ ಕಟ್ಟಿದ ಸೋಲಾರ್, ಲೈನ್ ಮೇಲೆ ಕೆಲಸ ಮಾಡುವವರಿಗೆ ಅಪಾಯ ಆಗಬಾರದು ಅಂತ, ಕರೆಂಟ್ ಹೋದೊಡನೆ ತಾನೂ ನಿಂತುಬಿಡುತ್ತದೆ, ನೆತ್ತಿ ಸುಡುವ ಬಿಸಿಲಿದ್ದರೂ. ಮನೆಯಲ್ಲಿ ಕಾಯಿಲೆಯವರಿದ್ದರೆ, ಮನೆಯಿಂದಲೇ ಕೆಲಸ ಮಾಡುವವರಿದ್ದರೆ, ಆಗಲೂ ಬ್ಯಾಟರಿಯಿಂದ ಕರೆಂಟ್ ಸಿಗುವ ನೆಮ್ಮದಿಗೆ ಎಷ್ಟು ಕೊಡಬಹುದು ಅಂತ ನೀವೇ ಹೇಳಬೇಕು. ಆದರೆ ಬ್ಯಾಕಪ್ ಸೌಲಭ್ಯ, ಅಂದರೆ ಕರೆಂಟ್ ಹೋದಾಗ ಬ್ಯಾಟರಿಯಿಂದ ಮನೆ ನಡೆಸುವ ವ್ಯವಸ್ಥೆ, ಇದೆಯೇ ಅಂತ ಮೊದಲೇ ಬರೆಸಿಕೊಳ್ಳಿ, ಕೆಲವು ಬ್ಯಾಟರಿ ಸೆಟ್‌ಗಳಲ್ಲಿ ಅದು ಇರುವುದಿಲ್ಲ.