ಬಾವಿಗೆ ತೈಲ ಸೇರಿದರೆ ಕುದಿಸಿ ಕುಡಿಯಬಹುದೇ?

ಪ್ರಶ್ನೆ: ನೈಜೀರಿಯಾದ ಒಗೋನಿ ಜನರ ಬಾವಿಗಳಿಗೆ ತೈಲ ಸೇರಿದೆಯಂತೆ. ಅವರು ನೀರನ್ನು ಕುದಿಸಿ, ಸೋಸಿ ಕುಡಿಯಬಾರದೇ? – ಓದುಗರು, ಸಿದ್ದಾಪುರ

ಮಳೆಗಾಲದ ಭೇದಿಗೆ ಹೇಳಿದ ಮಾತನ್ನು ಎಲ್ಲದಕ್ಕೂ ಅಂಟಿಸುತ್ತೀರಿ. ಕುದಿಸಿದರೆ ರೋಗಾಣು ಸಾಯುತ್ತದೆ. ತೈಲದಲ್ಲಿರುವ ಬೆಂಜೀನ್ ಒಂದು ವಿಷ ರಾಸಾಯನಿಕ, ಅದಕ್ಕೆ ಜೀವವೇ ಇಲ್ಲ, ಸಾಯುವುದೇನು ಬಂತು? ಆವಿಯಾಗಿ ಅಡುಗೆಮನೆ ತುಂಬುತ್ತದೆ, ನೀವು ಅದನ್ನೇ ಉಸಿರಾಡುತ್ತೀರಿ. ಪಟಿಕ ಹಾಕಿದರೆ ಮಣ್ಣು ತಳ ಸೇರುತ್ತದೆ, ಅಷ್ಟೇ.

ಒಗೋನಿ ನಾಡಿನಲ್ಲಿ ತೈಲ ತೆಗೆಯುವುದು ನಿಂತದ್ದು 1993ರಲ್ಲಿ. ಹಳೆಯ ತೈಲಬಾವಿಗಳೂ ತೈಲದ ಕೊಳವೆ ಮಾರ್ಗಗಳೂ ಅಲ್ಲೇ ಉಳಿದವು. 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ವರದಿ ಕೊಟ್ಟಾಗ, ಕೊಳವೆ ಮಾರ್ಗದ ಬಳಿಯ ನಿಸಿಸಿಯೊಕೆನ್ ಒಗಾಲೆ ಎಂಬ ಊರಿನಲ್ಲಿ ಜನ ಕುಡಿಯುತ್ತಿದ್ದ ಬಾವಿನೀರಿನ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ 900 ಪಟ್ಟು ಮೀರಿತ್ತು. ಮಿತಿ ಎಷ್ಟು ಗೊತ್ತೇ? ಲೀಟರಿಗೆ 10 ಮೈಕ್ರೋಗ್ರಾಂ. ಒಂದೆಡೆ ಅಂತರ್ಜಲದ ಮೇಲೆ 8 ಸೆಂಟಿಮೀಟರ್ ದಪ್ಪಕ್ಕೆ ಎಣ್ಣೆ ತೇಲುತ್ತಿತ್ತು. ಬೆಂಜೀನ್ ವರ್ಷಗಟ್ಟಲೆ ಒಳಗೆ ಹೋದರೆ ಎಲುಬಿನ ಮಜ್ಜೆ ಕೆಡುತ್ತದೆ, ರಕ್ತಹೀನತೆ ಬರುತ್ತದೆ, ರಕ್ತದ ಕ್ಯಾನ್ಸರೂ ಬರಬಹುದು. ಮೀನು ಮತ್ತು ಬೇಸಾಯವನ್ನೇ ನಂಬಿದ ಜನರಿಗೆ ತೊರೆಯೂ ಹೋಯಿತು, ಹೊಲವೂ ಹೋಯಿತು. ಆ ನೆಲ ಶುದ್ಧವಾಗಲು 25ರಿಂದ 30 ವರ್ಷ ಬೇಕೆಂದು ಅದೇ ವರದಿ ಹೇಳಿತು. ನೀವು ನನಗೆ ಪಾತ್ರೆ, ಬಟ್ಟೆಯ ಲೆಕ್ಕ ಹೇಳುತ್ತಿದ್ದೀರಿ.

ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಹೂವರಳಲೆಂದು ನೀರು ಹೊಡೆಯುವಾಗ ಡೀಸೆಲ್ ಪಂಪನ್ನು ಬಾವಿಕಟ್ಟೆಗೇ ತಂದಿಡುವವರಿದ್ದಾರೆ. ಲೈನ್ ಮನೆಗಳ ಕೂಲಿಯವರು ಕುಡಿಯಲು ಸೇದುವುದೂ ಅದೇ ಬಾವಿಯಿಂದ. ಸೀಮೆಎಣ್ಣೆ ವಾಸನೆ ಬಂದರೆ ಸ್ನಾನಕ್ಕೂ ಆ ನೀರು ಬೇಡ. ವಾಸನೆ ಇಲ್ಲ ಎಂದು ಧೈರ್ಯವೂ ಬೇಡ. ಬೆಂಜೀನ್ ಮೂಗಿಗೆ ತಿಳಿಯುವುದು ಮಿತಿ ಬಹಳ ಮೀರಿದ ಮೇಲೆ. ಲ್ಯಾಬಿಗೆ ಕೊಡುವಾಗ 'ಬೆಂಜೀನ್ ಪರೀಕ್ಷಿಸಿ' ಎಂದು ಬರೆದೇ ಕೊಡಿ. ಗಡಸುತನ, ಕೋಲಿಫಾರ್ಮ್ ರೋಗಾಣು ಮಾತ್ರ ನೋಡಿದ ಚೀಟಿಯನ್ನು ನನಗೆ ತೋರಿಸಬೇಡಿ.

ಪ್ರಶ್ನೆ: ರಕ್ತದಿಂದ ಎಣ್ಣೆ ಅಂಶ ತೆಗೆಯುವ ಕಷಾಯ ಸಂತೆಯಲ್ಲಿ ಸಿಗುತ್ತದೆ. ಕೊಳ್ಳಬಹುದೇ?

ಮಾರುವವನ ಜೇಬು ತುಂಬಿಸಬೇಕಿದ್ದರೆ ಕೊಳ್ಳಿ.

ಪ್ರಶ್ನೆ: ಒಗೋನಿ ಜನರು ಬೇರೆ ಕಡೆ ಹೋಗಬಹುದಲ್ಲ?

ನಾಗರಹೊಳೆಯ ಕಾಡಿನಿಂದ ಎಬ್ಬಿಸಿದ ಜೇನುಕುರುಬರ ಮುಂದೆ ಕೂತು ಇದೇ ಪ್ರಶ್ನೆ ಕೇಳಿ, ಅವರ ಉತ್ತರವನ್ನು ನನಗೂ ಬರೆಯಿರಿ.

ಪ್ರಶ್ನೆ: ಕೊಡಗಿನಲ್ಲೂ ತೈಲ ಇದೆ ಎಂದು ಒಬ್ಬರು ಹಣ ಹೂಡಲು ಹೇಳುತ್ತಿದ್ದಾರೆ.

ತೈಲ ಸೇರಿಕೊಳ್ಳುವುದು ಪದರ ಶಿಲೆಗಳಲ್ಲಿ. ನಮ್ಮದು ಗಟ್ಟಿ ಕರಿಬಂಡೆ. ಆ ಮನುಷ್ಯನನ್ನು ಗೇಟಿನಿಂದಲೇ ಕಳಿಸಿ.