ಗುದ ಜಾರುವುದಕ್ಕೂ ಲಿವರ್‌ನ ಕೀವಿಗೂ ನಂಟಿದೆಯೇ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಎರಡು ವರ್ಷದಿಂದ ಮಲವಿಸರ್ಜನೆಗೆ ಕುಳಿತಾಗ ಗುದ ಹೊರಗೆ ಜಾರುತ್ತದೆ, ಅವರೇ ಕೈಯಿಂದ ಒಳಗೆ ತಳ್ಳಿಕೊಳ್ಳುತ್ತಾರೆ. ಸಂಕೋಚದಿಂದ ಯಾರಿಗೂ ಹೇಳಿರಲಿಲ್ಲ. ಕಳೆದ ವಾರ ಚಳಿಜ್ವರ, ಬಲಪಕ್ಕೆಯ ನೋವು ಬಂತು. ಸ್ಕ್ಯಾನ್ ಮಾಡಿ ಲಿವರ್‌ನಲ್ಲಿ ಕೀವುಗಟ್ಟಿದೆ ಎಂದರು. ಕೆಳಗಿನ ಸೋಂಕೇ ಮೇಲೇರಿತೇ? ಗುದದ ಆಪರೇಷನ್ ಮೊದಲು ಮಾಡಿಸಬೇಕೇ?

ಉತ್ತರ: ಬೇಡ, ಮೊದಲು ಲಿವರ್. ಕೀವನ್ನು ಕಾಯಿಸುವಂತಿಲ್ಲ. ಎರಡು ವರ್ಷ ತಡೆದುಕೊಂಡ ತೊಂದರೆಗೆ ಇನ್ನೆರಡು ತಿಂಗಳು ಹೆಚ್ಚಲ್ಲ.

ನಿಮ್ಮ ಅನುಮಾನ ಬುಡವಿಲ್ಲದ್ದೇನೂ ಅಲ್ಲ. ಕರುಳಿನ ರಕ್ತ ಹೃದಯ ಸೇರುವ ಮುನ್ನ ಪೋರ್ಟಲ್ ಎಂಬ ರಕ್ತನಾಳದ ಮೂಲಕ ಲಿವರ್‌ಗೆ ಹೋಗುತ್ತದೆ. ಗುದನಾಳದ ಮೇಲ್ಭಾಗದ ರಕ್ತವೂ ಇದೇ ದಾರಿ ಹಿಡಿಯುತ್ತದೆ. ಅಪೆಂಡಿಕ್ಸ್‌ನ ಸೋಂಕು ಲಿವರ್ ತಲುಪುವುದು ಹೀಗೆಯೇ. ಮೂಲವ್ಯಾಧಿಗೆ ರಬ್ಬರ್ ಬ್ಯಾಂಡ್ ಹಾಕಿದ ಮೇಲೆ ಲಿವರ್‌ನಲ್ಲಿ ಕೀವಾದ ಬೆರಳೆಣಿಕೆಯ ಪ್ರಕರಣಗಳೂ ದಾಖಲಾಗಿವೆ. ಆದರೆ ಗುದ ಜಾರುವುದು ಸೋಂಕಲ್ಲ. ಹಿಡಿದಿಟ್ಟ ಸ್ನಾಯುಗಳು ಸಡಿಲವಾಗಿ, ವರ್ಷಗಟ್ಟಲೆ ತಿಣುಕಿ ಆಗುವಂಥದ್ದು. ಅದೊಂದರಿಂದಲೇ ಲಿವರ್‌ನಲ್ಲಿ ಕೀವಾಗುವುದು ತೀರಾ ಅಪರೂಪ.

ಹಾಗಾಗಿ ನಾನು ಹುಡುಕುವುದು ಎರಡರ ಹಿಂದೆಯೂ ಇರಬಹುದಾದ ಮೂರನೆಯದನ್ನು. ನಮ್ಮಲ್ಲಿ ಮೊದಲ ಗುಮಾನಿ ಅಮೀಬಾ ಮೇಲೆ. ಕೊಳಕು ನೀರು, ಆಹಾರದಿಂದ ದೊಡ್ಡ ಕರುಳು ಸೇರಿ ಆಮಶಂಕೆ ತರುತ್ತದೆ, ಪದೇ ಪದೇ ತಿಣುಕಿಸುತ್ತದೆ. ಮೊದಲೇ ಸಡಿಲವಾದ ಗುದ ಜಾರಲು ಅಷ್ಟು ಸಾಕು. ಅದೇ ಅಮೀಬಾ ಪೋರ್ಟಲ್ ದಾರಿಯಲ್ಲಿ ಲಿವರ್‌ಗೆ, ಹೆಚ್ಚಾಗಿ ಅದರ ಬಲಭಾಗಕ್ಕೆ, ಹೋಗಿ ಜೀವಕೋಶಗಳನ್ನು ಕರಗಿಸುತ್ತದೆ. ಸೂಜಿ ಹಾಕಿದರೆ ಚಾಕೊಲೇಟ್ ಬಣ್ಣದ ದ್ರವ ಬರುತ್ತದೆ. ಲಿವರ್ ಕೆಡುವ ಹೊತ್ತಿಗೆ ಭೇದಿ ನಿಂತಿರುವುದೇ ಹೆಚ್ಚು, ಆದ್ದರಿಂದ ‘ಹೊಟ್ಟೆ ಸರಿಯಿದೆ’ ಎಂಬ ಮಾತಿನಿಂದ ಏನೂ ತೀರ್ಮಾನವಾಗದು. ಸೇಂದಿ, ಸಾರಾಯಿಯ ಅಭ್ಯಾಸವಿದ್ದರೆ ಮುಚ್ಚಿಡಬೇಡಿ. ಕುಡಿಯುವ ಗಂಡಸರಲ್ಲಿ ಇದು ಹೆಚ್ಚು.

ಅಮೀಬಾ ಎಂದಾದರೆ ಸಾಮಾನ್ಯವಾಗಿ ಮೆಟ್ರೊನಿಡಜೋಲ್ 7ರಿಂದ 10 ದಿನ ಕೊಡುತ್ತಾರೆ. ಜ್ವರ ಇಳಿಯಿತೆಂದು ಅಲ್ಲಿಗೇ ಕೈಬಿಡುವವರು ಬಹಳ. ಕರುಳಿನಲ್ಲಿ ಉಳಿದ ಅಮೀಬಾಗೆ ಡೈಲಾಕ್ಸನೈಡ್‌ನಂಥ ಇನ್ನೊಂದು ಮಾತ್ರೆ ಬೇಕು, ಇಲ್ಲವಾದರೆ ರೋಗ ಮರುಕಳಿಸಬಹುದು. ಚೀಟಿಯಲ್ಲಿ ಅದು ಕಾಣದಿದ್ದರೆ ಕೇಳಿ.

ಬ್ಯಾಕ್ಟೀರಿಯಾದ ಕೀವಾದರೆ ಆ್ಯಂಟಿಬಯೋಟಿಕ್ ವಾರಗಟ್ಟಲೆ ನಡೆಯುತ್ತದೆ, ನಳಿಕೆ ಹಾಕಿ ಕೀವು ತೆಗೆಯಬೇಕಾಗಬಹುದು. ಸಕ್ಕರೆ ಕಾಯಿಲೆ, ಪಿತ್ತನಾಳದ ಕಲ್ಲು ಇವೆಯೇ ಎಂದು ನೋಡುತ್ತಾರೆ. ಎರಡೂ ಇಲ್ಲವೆಂದಾದರೆ, ಈ ವಯಸ್ಸಿನಲ್ಲಿ ಕೊಲೊನೋಸ್ಕೊಪಿ (ಗುದದ ಮೂಲಕ ಕ್ಯಾಮೆರಾ ಇರುವ ನಳಿಕೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ತಪ್ಪಿಸಲೇಬೇಡಿ. ದೊಡ್ಡ ಕರುಳಿನ ಕ್ಯಾನ್ಸರ್ ಕೆಲವೊಮ್ಮೆ ಮೊದಲು ಸುಳಿವು ಕೊಡುವುದೇ ಲಿವರ್‌ನ ಕೀವಿನಿಂದ, ಮತ್ತು ಗುದನಾಳದ ಗಡ್ಡೆಯೂ ಗುದವನ್ನು ಜಾರಿಸಬಲ್ಲದು. ಮುಂದೆ ಗುದದ ಆಪರೇಷನ್‌ಗೆ ಮುನ್ನವೂ ಸಾಮಾನ್ಯವಾಗಿ ಈ ಪರೀಕ್ಷೆ ಹೇಳುತ್ತಾರೆ.

ಅಷ್ಟರೊಳಗೆ ಜಾರಿದ ಭಾಗ ಒಳಹೋಗದೆ ಊದಿಕೊಂಡರೆ, ಕಪ್ಪಗಾದರೆ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಅಲ್ಲಿ ಊತದ ಮೇಲೆ ಅಡುಗೆಮನೆಯ ಸಕ್ಕರೆಯನ್ನೇ ಸುರಿದರೆ ಗಾಬರಿಯಾಗಬೇಡಿ, ಅದು ನೀರೆಳೆದು ಊತ ಇಳಿಸುತ್ತದೆ. ನೀವೇ ಪ್ರಯೋಗ ಮಾಡುತ್ತ ಹೊತ್ತು ಕಳೆಯಬೇಡಿ.

ಲಿವರ್ ನೋಡುತ್ತಿರುವ ವೈದ್ಯರಿಗೆ ಗುದದ ವಿಷಯ ಹೇಳಿದ್ದೀರೋ ಇಲ್ಲವೋ ನಿಮ್ಮ ಪತ್ರದಲ್ಲಿಲ್ಲ. ತಂದೆಯವರಿಗೆ ಸಂಕೋಚವಾದರೆ ನೀವೇ ನಾಳೆ ಹೇಳಿಬಿಡಿ.