ಮೂವರು ಜೋಯಿಸರು, ಒಬ್ಬ ಹುಡುಗ

ಪ್ರಶ್ನೆ: 19 ವರ್ಷಗಳಿಂದ ನಮ್ಮ ಸಭೆಯ ಭಾನುವಾರ ಶಾಲೆಯಲ್ಲಿ ಕಲಿಸುತ್ತಿದ್ದೇನೆ. ಕ್ರಿಸ್ಮಸ್ ಪಾಠದಲ್ಲಿ, ಶಿಶು ಯೇಸುವನ್ನು ನೋಡಲು ಮೂಡಣದಿಂದ ಬಂದವರು ‘ಮೂವರು ಜೋಯಿಸರು’ ಎಂದೆ. ಒಂಬತ್ತನೇ ತರಗತಿಯ ಹುಡುಗ ಎದ್ದು, ‘ಸತ್ಯವೇದದಲ್ಲಿ ಮೂವರು ಎಂದಿಲ್ಲ ಸರ್’ ಎಂದ. ಮಕ್ಕಳು ನಕ್ಕರು. ‘ಹಾಗಾದರೆ ನೀನೇ ಪಾಠ ಮಾಡು’ ಎಂದು ಗದರಿಸಿ ಕೂರಿಸಿದೆ. ಮನೆಗೆ ಬಂದು ನೋಡಿದರೆ ಅವನು ಹೇಳಿದ್ದೇ ಸರಿ. ಎರಡು ವಾರದಿಂದ ಅವನು ಬಂದಿಲ್ಲ. ದಿನವೂ ದೀನತೆಗಾಗಿ ಪ್ರಾರ್ಥಿಸುವ ನನಗೆ ಕಲಿಸುವ ಯೋಗ್ಯತೆಯಿಲ್ಲವೆನಿಸಿ ರಾಜೀನಾಮೆ ಬರೆದಿಟ್ಟಿದ್ದೇನೆ. ಸಭಾಪಾಲಕರಿಗೆ ಕೊಡಲೇ?

ಉತ್ತರ: ಬೇಡ. ನಿಮ್ಮ ನಾಲ್ಕು ಪುಟದ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿದ್ದೇನೆ. ಅದರಲ್ಲಿ ಮೂರು ಪುಟ ನಿಮ್ಮ ಯೋಗ್ಯತೆಯದೇ ಚರ್ಚೆ. ಹುಡುಗ ಏಕೆ ಬರುತ್ತಿಲ್ಲ ಎಂದು ಅವನ ಮನೆಗೆ ಹೋಗಿ ವಿಚಾರಿಸಿದ ಸುದ್ದಿ ಎಲ್ಲಿಯೂ ಇಲ್ಲ. ರಾಜೀನಾಮೆ ಕೊಟ್ಟರೆ ಸಭೆಯವರು ‘ಎಂಥ ದೀನ ಮನುಷ್ಯ’ ಎಂದು ಹೊಗಳಿಯಾರು. ಹುಡುಗನಿಗೆ ಸಿಗುವುದು ಮೇಷ್ಟ್ರನ್ನು ಓಡಿಸಿದವನೆಂಬ ಹೆಸರು.

ಬಹಳ ಮಂದಿ ಬೋಧಕರಾಗಬಾರದೆಂದು ಸತ್ಯವೇದದ ಪತ್ರಿಕೆಯಲ್ಲಿ ಯಾಕೋಬನು ಬರೆದ ಮಾತನ್ನು ನಿಮ್ಮ ಪತ್ರದಲ್ಲಿ ಎತ್ತಿದ್ದೀರಿ. ನಾವೆಲ್ಲರೂ ಅನೇಕ ವಿಷಯಗಳಲ್ಲಿ ತಪ್ಪುತ್ತೇವೆ ಎಂದು ಅವನು ಮರುವಚನದಲ್ಲೇ ತನ್ನನ್ನೂ ಸೇರಿಸಿಕೊಂಡು ಹೇಳುತ್ತಾನೆ. ಮೊದಲ ವಚನಕ್ಕೇ ನಿಲ್ಲಿಸಿಬಿಟ್ಟಿರೇಕೆ?

ನನಗೆ ನೆನಪಾಗುವುದು ಸತ್ಯವೇದದ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 18ನೇ ಅಧ್ಯಾಯದ ಅಪೊಲ್ಲೋಸ. ಅಲೆಕ್ಸಾಂದ್ರಿಯದ ಪಂಡಿತ, ಒಳ್ಳೆಯ ಮಾತುಗಾರ. ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಬೋಧಿಸುತ್ತಿದ್ದ. ಆದರೆ ಯೇಸುವಿಗೆ ದಾರಿ ಸಿದ್ಧಪಡಿಸಿದ ಯೋಹಾನನ ದೀಕ್ಷಾಸ್ನಾನದಿಂದಾಚೆ ಅವನಿಗೆ ಗೊತ್ತಿರಲಿಲ್ಲ. ತಿದ್ದಿದವರು ಯಾರು? ಗುಡಾರ ಹೊಲಿಯುವ ಗಂಡಹೆಂಡತಿ, ಅಕ್ವಿಲ ಮತ್ತು ಪ್ರಿಸ್ಕಿಲ್ಲ. ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ವಿವರಿಸಿದರು. ಅಪೊಲ್ಲೋಸ ಆಮೇಲೆ ಬೋಧನೆ ಬಿಡಲಿಲ್ಲ, ಗ್ರೀಸಿನ ಅಖಾಯಕ್ಕೆ ಹೊರಟ. ಸಹೋದರರು ಅವನ ಪರವಾಗಿ ಪತ್ರ ಬರೆದುಕೊಟ್ಟರು.

ನಿಮ್ಮ ಹುಡುಗ ನಿಮ್ಮನ್ನು ಪಕ್ಕಕ್ಕೆ ಕರೆಯಲಿಲ್ಲ, ನಿಜ. ಹದಿನಾಲ್ಕರ ವಯಸ್ಸು ಹಾಗೆಯೇ. ಅದನ್ನು ತಡೆದುಕೊಳ್ಳುವ ವಯಸ್ಸು ನಿಮ್ಮದಾಗಿತ್ತು.

ಈ ವಾರವೇ ಅವನ ಮನೆಗೆ ಹೋಗಿ. ಉಪದೇಶ ಬೇಡ, ‘ಆದರೆ ನೀನೂ ಸ್ವಲ್ಪ...’ ಎಂಬ ಬಾಲವಂತೂ ಬೇಡವೇ ಬೇಡ. ತಪ್ಪು ನನ್ನದು, ಗದರಿಸಬಾರದಿತ್ತು, ಅಷ್ಟೇ. ಗದರಿಸಿದ್ದು ಎಲ್ಲರೆದುರು, ಆದ್ದರಿಂದ ಭಾನುವಾರ ಅದೇ ಮಕ್ಕಳೆದುರು ಇನ್ನೊಮ್ಮೆ ಹೇಳಿ. ನಾಲಿಗೆ ಒಣಗುತ್ತದೆ. ಒಣಗಲಿ.

ಬಳಿಕ ಮತ್ತಾಯನ ಎರಡನೇ ಅಧ್ಯಾಯವನ್ನು ಅವನ ಕೈಗೇ ಕೊಟ್ಟು ಓದಿಸಿ. ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆಗಳೇ ಮೂರು, ತಂದವರ ಲೆಕ್ಕವಿಲ್ಲ. ನಮ್ಮ ನಾಟಕಗಳ ಕಾಗದದ ಕಿರೀಟಕ್ಕೂ ಅಲ್ಲಿ ಆಧಾರವಿಲ್ಲ. ಒಂಟೆಯೂ ಇಲ್ಲ, ಅದನ್ನು ಮಾತ್ರ ನೀವು ಹೇಳಬೇಡಿ. ಅವನೇ ಕಂಡುಹಿಡಿಯಲಿ.